ಹೊಗೆಯಾಡುವ ಸಾಗರ, ಕಾಯುವ ಕ್ಯಾಮೆರಾ

2024ರ ಡಿಸೆಂಬರ್‌ನಲ್ಲಿ ನಮ್ಮ ವಿಜ್ಞಾನಿಗಳು ಒಂದು ಫೋಟೋ ಬಿಡುಗಡೆ ಮಾಡಿದರು. ಹಿಂದೂ ಮಹಾಸಾಗರದಲ್ಲಿ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಳದಲ್ಲಿ, ತಳದ ಕಲ್ಲಿನ ಸಂದಿಯಿಂದ ಉಕ್ಕುತ್ತಿರುವ ಬಿಸಿನೀರಿನ ಚಿಲುಮೆಯ ಫೋಟೋ. ಭಾರತಕ್ಕೆ ಇಂಥ ಚಿತ್ರ ಸಿಕ್ಕಿದ್ದು ಅದೇ ಮೊದಲು. ಅವತ್ತು ನಮ್ಮ ಬುಲೆಟಿನ್‌ನಲ್ಲಿ ಅದಕ್ಕೆ ಸಿಕ್ಕಿದ್ದು ಎಷ್ಟು ಗೊತ್ತಾ? ಸ್ಕ್ರೀನಿನ ಕೆಳಗೆ ಓಡುವ ಒಂದೇ ಸಾಲು. 'ಸಮುದ್ರದಾಳದಲ್ಲಿ ಖನಿಜ ನಿಧಿ.' ಸಾಲು ತಪ್ಪಲ್ಲ. ಆದರೆ ಅರ್ಧ ಕಥೆ ಬಿಟ್ಟುಹೋಗಿತ್ತು. ಆ ಅರ್ಧ ಇವತ್ತು ಹೇಳ್ತೀನಿ.

ಮೊದಲು, ಈ ಹೈಡ್ರೋಥರ್ಮಲ್ ವೆಂಟ್ ಅಂದ್ರೆ ಏನು? ಸಾಗರದ ತಳದಲ್ಲಿ ಭೂಫಲಕಗಳು ದೂರ ಸರಿಯುವ ಕಡೆ ಬಿರುಕುಗಳಿರುತ್ತವೆ. ತಣ್ಣನೆಯ ಸಮುದ್ರದ ನೀರು ಅದರೊಳಗೆ ಇಳಿಯುತ್ತೆ, ಕೆಳಗಿನ ಶಿಲಾಪಾಕದ ಬಿಸಿಗೆ ಕಾಯುತ್ತೆ, ಬಂಡೆಯಲ್ಲಿರುವ ತಾಮ್ರ, ಸತು, ಕಬ್ಬಿಣವನ್ನು ಕರಗಿಸಿಕೊಂಡು ಮೇಲಕ್ಕೆ ಚಿಮ್ಮುತ್ತೆ. ಕೆಲವೆಡೆ ಅದರ ಶಾಖ 350 ಡಿಗ್ರಿ ಸೆಲ್ಸಿಯಸ್ ದಾಟುತ್ತೆ. ಆದರೂ ಕುದಿಯೋದಿಲ್ಲ! ಯಾಕಂದ್ರೆ ಪ್ರತಿ 10 ಮೀಟರ್ ಇಳಿದಂತೆ ಒಂದು ವಾತಾವರಣದಷ್ಟು ಒತ್ತಡ ಏರುತ್ತೆ. 4,500 ಮೀಟರ್‌ನಲ್ಲಿ ಅದು ಸುಮಾರು 450 ಪಟ್ಟು. ಹೊರಬಂದ ನೀರು ತಣ್ಣಗಾದ ಕೂಡಲೇ ಲೋಹದ ಕಣಗಳು ಕಪ್ಪು ಹೊಗೆಯಂತೆ ಉದುರಿ, ಚಿಮಣಿಯಂತೆ ಬೆಳೆಯುತ್ತವೆ. 'ನಿಧಿ' ಅಂದದ್ದು ಇದನ್ನೇ.

ಸರಿ, ಇದನ್ನು ಹುಡುಕೋದು ಹೇಗೆ? ಇಂಜಿನಿಯರಿಂಗ್ ಓದಿದ ನನಗೆ ಮಜಾ ಅನ್ನಿಸೋದು ಇಲ್ಲೇ. ನೀರೊಳಗೆ ಜಿಪಿಎಸ್ ಇಲ್ಲ, ರೇಡಿಯೋ ಸಿಗ್ನಲ್ ಇಲ್ಲ. ಇರೋದು ಶಬ್ದ ಮಾತ್ರ. ಶಬ್ದ ನೀರಿನಲ್ಲಿ ಸೆಕೆಂಡಿಗೆ ಸುಮಾರು 1,500 ಮೀಟರ್ ಹೋಗುತ್ತೆ. ಅಂದ್ರೆ ಹಡಗಿನಿಂದ ಒಂದು ಮಾತು ತಳ ಮುಟ್ಟೋಕೆ ಮೂರು ಸೆಕೆಂಡು, ಉತ್ತರಕ್ಕೆ ಇನ್ನೂ ಮೂರು. ಆದ್ದರಿಂದ ರೋಬೋಟ್ ತನ್ನ ದಾರಿಯನ್ನು ತಾನೇ ನೋಡಿಕೊಳ್ಳಬೇಕು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮತ್ತು ಗೋವಾದ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಜೊತೆಯಾಗಿ ಇಳಿಸಿದ 'ಓಶನ್ ಮಿನರಲ್ ಎಕ್ಸ್‌ಪ್ಲೋರರ್' ಅಂಥದ್ದೇ ಸ್ವಯಂಚಾಲಿತ ವಾಹನ. ಇಂಥ ಹುಡುಕಾಟದಲ್ಲಿ ಮೊದಲು ನೀರಿನ ಶಾಖ, ಕಲಕು, ರಾಸಾಯನಿಕ ಬದಲಾವಣೆ 'ಮೂಸಿ' ನೋಡ್ತಾರೆ. ಆಮೇಲೆ ಸೋನಾರ್‌ನಿಂದ ತಳದ ನಕ್ಷೆ. ಕೊನೆಗೆ ತಳದಿಂದ ಕೆಲವೇ ಮೀಟರ್ ಎತ್ತರದಲ್ಲಿ ಫೋಟೋ.

ಈ ವಿಧಾನಕ್ಕೆ ಹಳೆಯ ಕಥೆಯೊಂದಿದೆ. 1977, ಗಲಾಪಗೋಸ್ ದ್ವೀಪಗಳ ಹತ್ತಿರ. ಅಮೆರಿಕದ ತಂಡ ಕೇಬಲ್‌ಗೆ ಕಟ್ಟಿದ 'ಆಂಗಸ್' ಎಂಬ ಕ್ಯಾಮೆರಾ ಬಂಡಿಯನ್ನು ಸುಮಾರು 2,500 ಮೀಟರ್ ಆಳದಲ್ಲಿ ಎಳೆಯಿತು. ಒಂದು ಕಡೆ ಮೂರು ನಿಮಿಷಕ್ಕೂ ಕಡಿಮೆ ಹೊತ್ತು ನೀರಿನ ಶಾಖ ಏರಿತು. ತೆಗೆದ 3,000 ಫೋಟೋಗಳಲ್ಲಿ ಬರೀ 13ರಲ್ಲಿ, ಅದೇ ಜಾಗದಲ್ಲಿ, ಚಿಪ್ಪಿನ ಜೀವಿಗಳ ರಾಶಿ! ಸೂರ್ಯನ ಬೆಳಕೇ ಇಲ್ಲದ ಕಡೆ ಇಷ್ಟು ಜೀವ ಹೇಗೆ? ಅಲ್ಲಿನ ಬ್ಯಾಕ್ಟೀರಿಯಾಗಳು ಹೈಡ್ರೋಜನ್ ಸಲ್ಫೈಡ್‌ನಿಂದ ಶಕ್ತಿ ಪಡೆಯುತ್ತವೆ. ಉಳಿದವು ಅವನ್ನು ನಂಬಿ ಬದುಕುತ್ತವೆ. ಆ ತಂಡದಲ್ಲಿ ಒಬ್ಬ ಜೀವಶಾಸ್ತ್ರಜ್ಞನೂ ಇರಲಿಲ್ಲ. ಯಾರೂ ಜೀವ ನಿರೀಕ್ಷಿಸಿರಲಿಲ್ಲ, ನೋಡಿ.

ಈಗ ಬಿಟ್ಟುಹೋದ ಅರ್ಧಕ್ಕೆ ಬರೋಣ. ನಮ್ಮ ಹಿಂದೂ ಮಹಾಸಾಗರದ ವೆಂಟ್‌ಗಳಲ್ಲಿ ಒಂದು ಬಸವನಹುಳು ಇದೆ. ಅದರ ಪಾದದ ಮೇಲೆ ಕಬ್ಬಿಣದ ಸಲ್ಫೈಡ್ ಲೇಪಿಸಿದ ಹುರುಪೆಗಳ ಕವಚ. ಕಂಡದ್ದು 2001ರಲ್ಲಿ. 2019ರ ಹೊತ್ತಿಗೆ ಅದು ಇದೆ ಅಂತ ಗೊತ್ತಿದ್ದದ್ದು ಮೂರೇ ಜಾಗಗಳಲ್ಲಿ. ಅವುಗಳಲ್ಲಿ ಎರಡಕ್ಕೆ ಖನಿಜ ಹುಡುಕಾಟದ ಪರವಾನಗಿ ಕೊಟ್ಟಾಗಿತ್ತು. ಅದೇ ವರ್ಷ ಅದು ಅಳಿವಿನಂಚಿನ ಜೀವಿಗಳ ಕೆಂಪು ಪಟ್ಟಿ ಸೇರಿತು. ಆಳಸಮುದ್ರ ಗಣಿಗಾರಿಕೆಯ ಭಯಕ್ಕೆ ಆ ಪಟ್ಟಿ ಸೇರಿದ ಮೊದಲ ಜೀವಿ ಅದು. ಇನ್ನೂ ಅಗೆದೇ ಇಲ್ಲ, ಆಗಲೇ ಪಟ್ಟಿಯಲ್ಲಿ!

ಭಾರತವೂ 2016ರಲ್ಲಿ ಅಂತರರಾಷ್ಟ್ರೀಯ ಸಾಗರತಳ ಪ್ರಾಧಿಕಾರದ ಜೊತೆ ಒಪ್ಪಂದ ಮಾಡಿಕೊಂಡು, ಹಿಂದೂ ಮಹಾಸಾಗರದ 10,000 ಚದರ ಕಿಲೋಮೀಟರ್‌ನಲ್ಲಿ ಸಲ್ಫೈಡ್ ಖನಿಜ ಹುಡುಕುವ ಹಕ್ಕು ಪಡೆದಿದೆ. ಗಮನಿಸಿ, ಹುಡುಕುವ ಹಕ್ಕು. ಅಗೆಯುವ ಹಕ್ಕಲ್ಲ. ತಾಮ್ರ ನಮಗೆ ಬೇಡ ಅಂತ ನಾನು ಹೇಳೋದಿಲ್ಲ. ನನ್ನ ಕೈಯಲ್ಲಿರೋ ಮೈಕಿನಲ್ಲೂ ತಾಮ್ರದ ತಂತಿ ಇದೆ. ಆದರೆ ಒಂದು ಫೋಟೋ ನೋಡಿ ಊರು ಗೊತ್ತಾಯ್ತು ಅನ್ನೋಕಾಗುತ್ತಾ?

ಅಮೆರಿಕದ ಆರೆಗನ್ ಕರಾವಳಿಯಾಚೆ 'ಆಕ್ಸಿಯಲ್' ಎಂಬ ಸಮುದ್ರದೊಳಗಿನ ಜ್ವಾಲಾಮುಖಿ ಇದೆ. ಅಲ್ಲಿ ಸುಮಾರು 1,500 ಮೀಟರ್ ಆಳದ ಒಂದು ಚಿಮಣಿಯೆದುರು ಕ್ಯಾಮೆರಾ ಇಟ್ಟು, ದಡದವರೆಗೆ ಕೇಬಲ್ ಎಳೆದು, ಮೂರು ಗಂಟೆಗೊಮ್ಮೆ 14 ನಿಮಿಷ ನೇರ ವಿಡಿಯೋ ಬರುವಂತೆ ಮಾಡಿದ್ದಾರೆ. ಚಿಮಣಿ ಹೇಗೆ ಬೆಳೆಯುತ್ತೆ, ಜೀವಿಗಳು ಹೇಗೆ ಬಂದು ಹೋಗುತ್ತವೆ ಅನ್ನೋದು ಹೀಗೆ ಕಾದು ಕೂತರೆ ಮಾತ್ರ ಗೊತ್ತಾಗೋದು. ಹುಡುಕೋದು ಒಂದು ಕೆಲಸ, ಕಾಯೋದು ಇನ್ನೊಂದು. ಮೊದಲನೆಯದು ನಮ್ಮವರಿಗೆ ಬಂತು. ಅದು ಹೆಮ್ಮೆಯ ವಿಷಯವೇ.

ಮುಂದಿನ ಸಲ ನಮ್ಮ ಸ್ಕ್ರೀನಿನ ಕೆಳಗೆ 'ಸಮುದ್ರದಾಳದಲ್ಲಿ ನಿಧಿ' ಅಂತ ಓಡಿದಾಗ, ನಮ್ಮನ್ನೇ ಒಂದು ಪ್ರಶ್ನೆ ಕೇಳಿ: ಅಲ್ಲಿ ಕ್ಯಾಮೆರಾ ಎಷ್ಟು ದಿನ ಇತ್ತು?