ಅಟ್ಟಕ್ಕೇರಿದ ಹಂಚು

ಹುಮನಾಬಾದಿನ ನಮ್ಮ ಅಕ್ಕ ಕಬ್ಬಿಣದ ಹಂಚನ್ನು ಅಟ್ಟಕ್ಕೇರಿಸಿದಳು; ಗರ್ಭಿಣಿ ಸೊಸೆಯ ಕಬ್ಬಿಣದ ಗುಳಿಗೆಯನ್ನೂ ನಿಲ್ಲಿಸಿದಳು. ಕಬ್ಬಿಣ ಹೆಚ್ಚಾದರೆ ಯಕೃತ್ತಿಗೆ ಅರ್ಬುದರೋಗ ಬರುವುದೆಂದು ಯಾರೋ ಹೇಳಿದರಂತೆ.

ಮಾತು ಪೂರ್ಣ ಸುಳ್ಳಲ್ಲ. ಆಫ್ರಿಕದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಜೋಳದ ಮದ್ಯವನ್ನು ಕಬ್ಬಿಣದ ಪೀಪಾಯಿಗಳಲ್ಲಿ ಹುದುಗಿಸುತ್ತಿದ್ದರು. ಹುಳಿಗೆ ಕರಗಿದ ಲೋಹ ವರ್ಷಗಟ್ಟಲೆ ಕುಡಿದವರ ಯಕೃತ್ತಿನಲ್ಲಿ ಶೇಖರವಾಗುತ್ತಿತ್ತು. 1929ರಲ್ಲಿ ಸ್ಟ್ರಾಕನ್ ಎಂಬ ವೈದ್ಯ ಇದನ್ನು ವರ್ಣಿಸಿದ. ಅರ್ಬುದದ ಸಂಬಂಧ ಮುಂದೆ ತಿಳಿದುಬಂತು.

ನಮ್ಮದೂ ಜೋಳವೇ. ಆದರೆ ರೊಟ್ಟಿ ಹಂಚಿನ ಮೇಲಿರುವುದು ಕ್ಷಣಕಾಲ, ಹಿಟ್ಟಿನಲ್ಲಿ ಹುಳಿಯಿಲ್ಲ, ಜೋಳದಲ್ಲಿರುವ ಫೈಟೇಟ್ ತನ್ನ ಜೊತೆಗಿನ ಕಬ್ಬಿಣವನ್ನೂ ಮೈಗೆ ಸಲೀಸಾಗಿ ಬಿಟ್ಟುಕೊಡದು. ಬಸವಕಲ್ಯಾಣದ ನನ್ನ ತರಗತಿಯಲ್ಲಿ ಕಾಣುವುದು ರಕ್ತಹೀನತೆಯಿಂದ ಬಿಳಿಚಿದ ಮುಖಗಳೇ.

ಇಷ್ಟು ಹೇಳಿದ ಮೇಲೆ ಹಂಚು ಇಳಿಯಿತು. ಗುಳಿಗೆ? “ಡಾಕ್ಟರಿಗೇ ಕೇಳೂಣು, ತಡಿ” ಎಂದಳು ಅಕ್ಕ. ನಾಳೆ ಹೊರಟಿದ್ದೇವೆ.