ಪತ್ರಿಕೋದ್ಯಮದ ಪಾಠ: ಮಿಸೌರಿಯಿಂದ ತುಂಗಭದ್ರೆವರೆಗೆ

ಪತ್ರಿಕೋದ್ಯಮ ಓದಬೇಕೆನ್ನುವ ಹೊಸಪೇಟೆ, ಕಂಪ್ಲಿ, ಸಂಡೂರಿನ ಹುಡುಗ ಹುಡುಗಿಯರು ಮೊದಲು ಸಿಲಬಸ್ ವಿಚಾರಿಸುತ್ತಾರೆ. ವಿದ್ಯಾರ್ಥಿ ಬರೆದ ಸುದ್ದಿಯನ್ನು ಅಲ್ಲಿ ಯಾರು ಓದುತ್ತಾರೆ ಎಂದು ಮೊದಲು ವಿಚಾರಿಸಬೇಕು. ದೇಶದಿಂದ ದೇಶಕ್ಕೆ ಕಲಿಕೆ ಬದಲಾಗುವುದು ಇಲ್ಲಿಯೇ.

ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದಲ್ಲಿ 1908ರಲ್ಲಿ ತರಗತಿಗಳು ಶುರುವಾದ ದಿನವೇ ಶಾಲೆಯ ಪತ್ರಿಕೆಯೂ ಹೊರಬಂತು. ವಿದ್ಯಾರ್ಥಿಗಳು ಬರೆಯುವುದು ಊರಿನ ಜನ ಓದುವ ಪತ್ರಿಕೆಗೆ. ತಪ್ಪಾದರೆ ಓದುಗರೇ ಕೇಳುತ್ತಾರೆ. ಬ್ರಿಟನ್ನಿನಲ್ಲಿ ಪತ್ರಕರ್ತರ ತರಬೇತಿಯ ರಾಷ್ಟ್ರೀಯ ಮಂಡಳಿಯಾದ ಎನ್‌ಸಿಟಿಜೆ ನಡೆಸುವ ಪರೀಕ್ಷೆಗಳಲ್ಲಿ ಮಾಧ್ಯಮ ಕಾನೂನಿಗೆ ತೂಕ ಹೆಚ್ಚು; ಸಾರ್ವಜನಿಕ ಆಡಳಿತ, ಶೀಘ್ರಲಿಪಿಯನ್ನೂ ಆಯ್ದುಕೊಳ್ಳಬಹುದು. ಜರ್ಮನಿಯಲ್ಲಿ ಅನೇಕರು ಬೇರಾವುದೋ ವಿಷಯದಲ್ಲಿ ಪದವಿ ಮುಗಿಸಿ, ಸುಮಾರು ಎರಡು ವರ್ಷ ಸುದ್ದಿಮನೆಯಲ್ಲೇ ಸಂಬಳ ಪಡೆದು ಪಳಗುತ್ತಾರೆ.

ಮಿಸೌರಿಯ ನಂಟು ನಮಗೂ ಉಂಟು. ಅಲ್ಲಿ ಓದಿದ್ದ ನಾಡಿಗ ಕೃಷ್ಣಮೂರ್ತಿ 1951ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಆದರೆ ನಮ್ಮ ಅನೇಕ ಕಾಲೇಜುಗಳ ಪ್ರಾಯೋಗಿಕ ಪತ್ರಿಕೆ ಇಂದಿಗೂ ವಿಭಾಗದ ಬಾಗಿಲು ದಾಟುವುದಿಲ್ಲ. ಇದು ನನಗೆ ದೊಡ್ಡ ನಷ್ಟವಾಗಿ ಕಾಣುತ್ತದೆ, ಏಕೆಂದರೆ ಈ ಸೀಮೆಯಲ್ಲಿ ಪಾಠಕ್ಕೆ ಬೇಕಾದದ್ದು ಕಣ್ಣೆದುರೇ ಇದೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತಲ್ಲ, ಅದನ್ನೇ ತರಗತಿಗೆ ತನ್ನಿ. ಮೊದಲ ಅಭ್ಯಾಸ ಲೆಕ್ಕದ್ದು. ಹೊರಹರಿವು ಇಡೀ ದಿನ ಒಂದು ಲಕ್ಷ ಕ್ಯೂಸೆಕ್ ಇದ್ದರೆ ಹೋಗುವ ನೀರು ಎಷ್ಟು? ಸೆಕೆಂಡಿಗೆ ಲಕ್ಷ ಘನ ಅಡಿ, ದಿನಕ್ಕೆ 86,400 ಸೆಕೆಂಡ್, ಗುಣಿಸಿದರೆ 8.64 ಟಿಎಂಸಿ. ಬೆಳೆಗೆ ಎಷ್ಟು ಉಳಿದೀತು ಎಂದು ಕಂಪ್ಲಿಯ ಭತ್ತದ ರೈತ ಕೇಳಿದರೆ ವರದಿಗಾರ ಇಲ್ಲಿಂದಲೇ ಶುರುಮಾಡಬೇಕು. ಎರಡನೆಯದು, ಯಾರನ್ನು ಕೇಳಬೇಕು ಎಂಬುದು. ಜಲಾಶಯದ ನಿರ್ವಹಣೆ ಅಂತರರಾಜ್ಯ ತುಂಗಭದ್ರಾ ಮಂಡಳಿಯದು. ಹೊಸಪೇಟೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ನದಿ ಉಕ್ಕಿದಾಗ ಮುಳುಗುವ ಸೇತುವೆಯ ಕಂಪ್ಲಿ ಬಳ್ಳಾರಿಯಲ್ಲೇ ಉಳಿದಿದೆ. ಸಂಡೂರೂ ಹಾಗೆಯೇ, ಅಲ್ಲಿನ ಗಣಿ ಸುದ್ದಿಗೆ 2011ರ ಲೋಕಾಯುಕ್ತ ವರದಿ ಓದಲು ಬರಬೇಕು, ಮಾಹಿತಿ ಹಕ್ಕಿನ ಅರ್ಜಿ ಬರೆಯಲು ಬರಬೇಕು.

ಆದ್ದರಿಂದ ಸೀಟು ಪಡೆಯುವ ಮುನ್ನ ವಿಭಾಗಕ್ಕೆ ಹೋಗಿ ವಿದ್ಯಾರ್ಥಿಗಳ ಪತ್ರಿಕೆಯ ಹಳೆಯ ಸಂಚಿಕೆ ಕೇಳಿ. ಅದರಲ್ಲಿ ನಗರಸಭೆ, ಕೋರ್ಟು, ಕಾಲುವೆಯ ಸುದ್ದಿ ಇದೆಯೋ, ಬರೀ ಕಾಲೇಜಿನ ಸಮಾರಂಭಗಳೋ ನೋಡಿ. ವಿದ್ಯಾರ್ಥಿಯ ವರದಿಯನ್ನು ತಿದ್ದುವವರು ಎಂದಾದರೂ ಸುದ್ದಿಮನೆಯಲ್ಲಿ ದುಡಿದವರೇ ಎಂದೂ ವಿಚಾರಿಸಿ.