ಒಂದು ಎಂಜಿನ್ ನಿಂತರೂ ಹಾರಬೇಕು

1931ರ ಮಾರ್ಚ್ 31ರಂದು ಅಮೆರಿಕದ ಕಾನ್ಸಾಸ್‌ನಲ್ಲಿ ಟಿಡಬ್ಲ್ಯುಎ ಎಂಬ ವಿಮಾನಯಾನ ಕಂಪನಿಯ ಫಾಕರ್ ವಿಮಾನವೊಂದರ ಮರದ ರೆಕ್ಕೆ ಆಕಾಶದಲ್ಲೇ ಮುರಿಯಿತು. ಖ್ಯಾತ ಫುಟ್‌ಬಾಲ್ ಕೋಚ್ ನ್ಯೂಟ್ ರಾಕ್ನಿ ಸೇರಿ ಎಂಟು ಮಂದಿ ಸತ್ತರು. ಮರದ ರೆಕ್ಕೆಯ ಮೇಲೆ ಜನರಿಗಿದ್ದ ನಂಬಿಕೆ ಅಲ್ಲಿಗೆ ಹೋಯಿತು. ಪೂರ್ತಿ ಲೋಹದಲ್ಲಿ ಬೋಯಿಂಗ್ 247 ತಯಾರಾಗುತ್ತಿತ್ತು ನಿಜ, ಆದರೆ ಮೊದಲ 60 ವಿಮಾನಗಳು ಅದರ ಪ್ರತಿಸ್ಪರ್ಧಿ ಯುನೈಟೆಡ್ ಕಂಪನಿಗೇ ಮೀಸಲಾಗಿದ್ದವು.

ಬೇರೆ ದಾರಿಯಿಲ್ಲದೆ ಟಿಡಬ್ಲ್ಯುಎಯ ಜ್ಯಾಕ್ ಫ್ರೈ 1932ರ ಆಗಸ್ಟ್ 2ರಂದು ಇತರ ತಯಾರಕರಿಗೆ ಪತ್ರ ಬರೆದರು. ಅವರು ಕೇಳಿದ್ದು ಮೂರು ಎಂಜಿನ್‌ಗಳ ಲೋಹದ ವಿಮಾನ. ಡಗ್ಲಸ್ ಕಂಪನಿ ಎರಡೇ ಸಾಕೆಂದಿತು. ಮೂರನೆಯದು ಕೂರುತ್ತಿದ್ದ ಮೂತಿಯಲ್ಲಿ ಎಂಜಿನ್ ಇಲ್ಲದಿದ್ದರೆ ಸದ್ದು, ನಡುಕ, ಎಣ್ಣೆಯ ವಾಸನೆ ಎಲ್ಲವೂ ಪ್ರಯಾಣಿಕರಿಂದ ದೂರವಾಗುತ್ತವೆ, ಗಾಳಿಯ ತಡೆಯೂ ಕಡಿಮೆ. ಟಿಡಬ್ಲ್ಯುಎ ಸಲಹೆಗಾರ ಚಾರ್ಲ್ಸ್ ಲಿಂಡ್‌ಬರ್ಗ್ ಇದಕ್ಕೆ ಒಂದು ಕಠಿಣ ಷರತ್ತು ಹಾಕಿದರು: ಪೂರ್ತಿ ಭಾರ ಹೊತ್ತು, ಒಂದೇ ಎಂಜಿನ್ ಬಲದಲ್ಲಿ, ಕಂಪನಿಯ ಯಾವ ನಿಲ್ದಾಣದಿಂದಲಾದರೂ ಮೇಲೇರಬೇಕು. ನನ್ನ ಮಟ್ಟಿಗೆ ಇಡೀ ವಿಮಾನವನ್ನು ರೂಪಿಸಿದ್ದು ಈ ಷರತ್ತೇ.

ಎರಡು ಎಂಜಿನ್‌ಗಳಲ್ಲಿ ಒಂದು ನಿಂತರೆ ಅರ್ಧ ಶಕ್ತಿ ಹೋಯಿತು ಅನ್ನುವುದಷ್ಟೇ ಅಲ್ಲ. ಎಡಗಡೆಯದು ನಿಂತರೆ ಬಲಗಡೆಯದು ಮೂತಿಯನ್ನು ಎಡಕ್ಕೆ ತಳ್ಳುತ್ತದೆ. ಪೈಲಟ್ ಬಲಗಾಲಿನಿಂದ ರಡರ್ ಪೆಡಲ್ ಒತ್ತಿ ವಿಮಾನವನ್ನು ನೇರ ಮಾಡಬೇಕು. ಯಾವ ಕಾಲಿಗೆ ಕೆಲಸವಿಲ್ಲವೋ ಆ ಕಡೆಯ ಎಂಜಿನ್ ಸತ್ತಿದೆ ಎಂದು ಪೈಲಟ್‌ಗಳಿಗೆ ಇಂದಿಗೂ ಕಲಿಸುತ್ತಾರೆ. ಈ ಸೆಳೆತವನ್ನು ತಡೆಯಲು ಬಾಲದ ರಡರ್‌ಗೆ ಸಾಕಷ್ಟು ಬಲವಿರಬೇಕು. ಉಳಿದ ಶಕ್ತಿ ಗಾಳಿಯ ತಡೆಗೆ ಪೋಲಾಗಬಾರದು. ಅದಕ್ಕೇ ಎಂಜಿನ್ ಸುತ್ತ ನಯವಾದ ಕವಚ, ಮೇಲೇರಿದ ಮೇಲೆ ಒಳಸೇರುವ ಚಕ್ರ. ಪ್ರೊಪೆಲರ್ ಅಲಗುಗಳ ಕೋನವನ್ನೂ ಬದಲಿಸಬಹುದಿತ್ತು: ಏರುವಾಗ ಚಪ್ಪಟೆ, ವೇಗದ ಹಾರಾಟಕ್ಕೆ ಓರೆ, ಘಾಟಿಯಲ್ಲಿ ಬಸ್ಸಿನ ಗೇರ್ ಬದಲಿಸಿದ ಹಾಗೆ.

ಹೀಗೆ ಹುಟ್ಟಿದ ಡಿಸಿ-1, 1933ರ ಜುಲೈ 1ರಂದು ಸಾಂಟಾ ಮೋನಿಕಾದಲ್ಲಿ ಮೊದಲ ಸಲ ಹಾರಿತು. ಮೂತಿ ಮೇಲೆತ್ತಿದ ಕೂಡಲೇ ಎಂಜಿನ್‌ಗಳು ಸೊರಗಿದವು, ತಗ್ಗಿಸಿದರೆ ಚೇತರಿಸಿಕೊಂಡವು. ಕಾರ್ಬ್ಯುರೇಟರಿನ ಫ್ಲೋಟ್ ಕೂಡಿಸಿದ್ದ ರೀತಿಯಿಂದಾಗಿ, ಏರುವಾಗ ಇಂಧನವೇ ಕಟ್ಟಾಗುತ್ತಿತ್ತು. ಪೈಲಟ್ ಕಾರ್ಲ್ ಕವರ್ ಸ್ವಲ್ಪ ಸ್ವಲ್ಪವೇ ಏರುತ್ತಾ ಸುತ್ತಿ ಸುರಕ್ಷಿತವಾಗಿ ಇಳಿಸಿದರು.

ಅಸಲಿ ಪರೀಕ್ಷೆ ನಡೆದದ್ದು ಸೆಪ್ಟೆಂಬರಿನಲ್ಲಿ, ಅರಿಜೋನಾದ ವಿನ್ಸ್ಲೋದಲ್ಲಿ. ಅದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದ ಊರು. ತೆಳು ಗಾಳಿಯಲ್ಲಿ ಎಂಜಿನ್‌ಗೆ ಶಕ್ತಿ ಸಾಲದು, ರೆಕ್ಕೆಗೂ ಎತ್ತುವ ಬಲ ಕಡಿಮೆ. ಅಲ್ಲಿಂದ ಮೇಲೇರುವಾಗಲೇ ಒಂದು ಎಂಜಿನ್ ಆರಿಸಿ, ಇನ್ನೊಂದರ ಬಲದಲ್ಲೇ ಅಲ್ಬುಕರ್ಕಿವರೆಗೆ ಹೋಗಿ ಇಳಿದರು.

ಡಿಸಿ-1 ಕಟ್ಟಿದ್ದು ಒಂದೇ ಒಂದು. ಅದನ್ನು ಉದ್ದ ಮಾಡಿ 14 ಸೀಟುಗಳ ಡಿಸಿ-2 ಬಂತು. ಒಡಲನ್ನು ಅಗಲಿಸಿ 1935ರ ಡಿಸೆಂಬರ್ 17ರಂದು ಹಾರಿಸಿದ್ದು ಡಿಸಿ-3. ಇದರಲ್ಲಿ 21 ಜನ ಕೂರುತ್ತಿದ್ದರಿಂದ ಅಂಚೆ ಸಾಗಿಸಲು ಸರ್ಕಾರ ಕೊಡುತ್ತಿದ್ದ ಹಣವನ್ನು ನೆಚ್ಚಿಕೊಳ್ಳದೆ ಬರೀ ಟಿಕೆಟ್ಟಿನಿಂದಲೇ ಲಾಭ ಕಾಣಲು ಸಾಧ್ಯವಾಯಿತು.

ನಮ್ಮವರು ಡಕೋಟಾ ಎಂದು ಕರೆದದ್ದು ಇದರ ಸೇನಾ ರೂಪವನ್ನು. ಎರಡನೇ ಮಹಾಯುದ್ಧ ಮುಗಿದ ಮೇಲೆ ಉಳಿದುಹೋದ ಡಕೋಟಾಗಳು ಬೆಂಗಳೂರಿನ ಎಚ್ಎಎಲ್‌ನಲ್ಲಿ ದುರಸ್ತಿಯಾಗಿ ನಾಗರಿಕ ಸೇವೆಗೆ ಹೊರಟವು. ಹೈದರಾಬಾದಿನ ಡೆಕ್ಕನ್ ಏರ್‌ವೇಸ್ ಬೆಂಗಳೂರಿಗೆ ಹಾರಿಸುತ್ತಿದ್ದದ್ದೂ ಡಕೋಟಾಗಳನ್ನೇ.